ಮೀನು ಬಿಟ್ಟ ಮಾಸ್ತರರು

ಕಳೆದ ತಿಂಗಳು ಪಾಳಾದಲ್ಲಿ ತಂಗಿಯ ಮನೆಯವರ ಮದುವೆಗೆ ಶಾಮಿಯಾನ ಹಾಕಿ, ಮರುದಿನ ಅದನ್ನು ಬಿಚ್ಚಿಕೊಂಡು ದಾಂಡೇಲಿಗೆ ವಾಪಸು ಬರುತ್ತಿದ್ದೆ. ಮುಂಡಗೋಡ ದಾಟುತ್ತಿದ್ದ ಹಾಗೆ ಪಿಕಪ್ಪಿನ ಹಿಂದಿನ ಗಾಲಿ ಕುಸಿಯಿತು. ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ಡ್ರೈವರನಿಗೆ ಬಾಯಿಗೆ ಬಂದಂತೆ ಬೈದು, ರಸ್ತೆ ಬದಿಯ ತಗಡಿನ ಶೆಡ್ಡಿನವರೆಗೆ ಗಾಡಿ ತೆವಳಿಸಿಕೊಂಡು ಹೋದೆವು. ಅಂಗಡಿಯವನು ಟ್ಯೂಬು ಹೊರಗೆಳೆದು, ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಗುರುತು ಮಾಡಿ, ಒರೆಸಿ, ಉಜ್ಜಿ, ಸೊಲ್ಯೂಷನ್ನಿನ ಮುಚ್ಚಳ ಬಿಚ್ಚಿದ. ಅಷ್ಟೇ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ ಎಂದು ಡ್ರೈವರ ಅಂದುಕೊಂಡ. ಸಿಟ್ಟಲ್ಲ. ಅಳು ಬಂದಿತ್ತು.

ದಾಂಡೇಲಿಯಲ್ಲಿ, ಹಳಿಯಾಳದ ರಸ್ತೆ ಊರು ದಾಟುವಲ್ಲಿ, ಇಂಥದೇ ಒಂದು ಪಂಕ್ಚರ್ ಅಂಗಡಿ ಇತ್ತು. ಅಂಗಡಿಯವರನ್ನು ಜನ ‘ಗಾಳದ ಮಾಸ್ತರ’ ಎಂದೇ ಕರೆಯುತ್ತಿದ್ದರು. ಅವರು ಶಾಲೆಯ ಮಾಸ್ತರರಲ್ಲ. ಹೊಳೆಯ ದಂಡೆಯ ಮೇಲಿದ್ದ ಒಂದು ರೆಸಾರ್ಟಿನಲ್ಲಿ ಬಹಳ ವರ್ಷ, ಬಂದ ಗಿರಾಕಿಗಳಿಗೆ ಗಾಳ ಬೀಸುವುದನ್ನು ಕಲಿಸುತ್ತಿದ್ದರು. ಎರೆಹುಳ ಚುಚ್ಚಿ, ದಂಡೆಯಲ್ಲಿ ಬೀಡಿ ಸೇದುತ್ತ ಕೂಡುವ ಗಾಳ ಅದಲ್ಲ. ಪುಕ್ಕ ಮತ್ತು ದಾರದಿಂದ ಒಂದು ಸುಳ್ಳು ನೊಣ ಕಟ್ಟಿ, ತೂಕವೇ ಇಲ್ಲದ ಆ ನೊಣವನ್ನು ದಪ್ಪ ದಾರದ ಬಲದಿಂದ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ನೀರಿನ ಮೇಲೆ ಹಗುರಾಗಿ ಇಳಿಸುವ ಗಾಳ. ಮೀನು ಅದನ್ನು ನಿಜವಾದ ನೊಣವೆಂದು ನಂಬಿ ಬಾಯಿ ಹಾಕಬೇಕು. ಕೆಲಸ ಇಷ್ಟೇ. ಕಲಿಯಲು ಹೋದರೆ ಹೆಣ ಬೀಳುತ್ತದೆ.

ಮಾಸ್ತರರು ಸಿದ್ದಿಯವರು, ಎಂದೋ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದ ಜನ, ಹಳಿಯಾಳದ ಕಡೆಯ ಹಳ್ಳಿಯವರು. ಪುಣೆ, ಮುಂಬಯಿಯಿಂದ ಬಂದ ಗಿರಾಕಿಗಳು ಅವರ ಕೂದಲು, ಬಣ್ಣ ನೋಡಿ “ಯಾವ ದೇಶ?” ಎಂದು ಕೇಳುತ್ತಿದ್ದರಂತೆ. “ಹಳಿಯಾಳ ದೇಶ” ಎಂದು ಹೇಳಿ ಇವರು ಮುಖ ಗಂಟು ಹಾಕಿಕೊಳ್ಳುತ್ತಿದ್ದರಂತೆ. ಬಹಳ ಠೀವಿಯ ಮನುಷ್ಯ. ಪಂಕ್ಚರ್ ತೆಗೆಯುವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿಯೇ ಬೇಕು. ತೋಳು ಮಡಚಿರುತ್ತಿದ್ದರು, ಕಾಲರಿಗೆ ಕಲೆ ಆಗಬಾರದು. ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ತಮ್ಮನ್ನು ಬಿಟ್ಟು.

ನನ್ನ ಕಥೆ ಹೇಳಿದರೆ ನಗು ಬರುತ್ತದೆ. ಹುಟ್ಟಿದ್ದು ತೇರಗಾಂವದಲ್ಲಿ, ಲಿಂಗವಂತರ ಮನೆಯಲ್ಲಿ. ಮೀನು ಹಾಗಿರಲಿ, ತತ್ತಿಯನ್ನೂ ಮುಟ್ಟಿದವರಲ್ಲ. ದಾಂಡೇಲಿಯಲ್ಲಿ ಶಾಮಿಯಾನದ ಅಂಗಡಿ ಇಟ್ಟು ಬಹಳ ವರ್ಷವಾಯಿತು. ಆ ರೆಸಾರ್ಟಿನಲ್ಲಿ ಒಂದು ಮದುವೆಗೆ ಪೆಂಡಾಲು ಕಟ್ಟಿಸುತ್ತಿದ್ದ ದಿನ ಹೊಳೆಯ ಕಡೆ ತಿರುಗಿದೆ. ನೀರಿನಲ್ಲಿ ಮೊಣಕಾಲ ಮಟ ನಿಂತ ಒಬ್ಬ ಗಿರಾಕಿ ಕೋಲು ಎತ್ತಿದ. ಹಸಿರು ದಾರ ಅವನ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು, ಉದ್ದಕ್ಕೆ ಬಿಚ್ಚಿಕೊಂಡಿತು, ಒಂದು ಗಳಿಗೆ ಗಾಳಿಯಲ್ಲೇ ನಿಂತಿತು, ಆಮೇಲೆ ಮುಂದಕ್ಕೆ ಬಂದು ನೀರಿನ ಮೇಲೆ ಮಲಗಿತು. ಸಪ್ಪಳವೇ ಇಲ್ಲ. ದಿನವೆಲ್ಲ ಹಗ್ಗ ಎಳೆಯುವವನು ನಾನು. ಹಗ್ಗ ಹಾಗೂ ಹೋಗಬಲ್ಲದೆಂದು ಗೊತ್ತಿರಲಿಲ್ಲ. ನಾನು ಹಿಡಿದಿದ್ದ ಕಂಬ ಕೈ ಬಿಟ್ಟು ಅಡಿಗೆಯವರ ಮೇಲೆ ಬಿತ್ತು, ಬೈಸಿಕೊಂಡೆ. ನಲವತ್ತು ದಾಟಿದ ಗಂಡಸಿಗೆ ಹುಡುಗರ ಹಾಗೆ ಆಸೆ ಹತ್ತಿತು. ನಾಚಿಕೆಯಾಗುವಂಥ ಆಸೆ.

ಮುಂದೆ ಆ ರೆಸಾರ್ಟು ಮುಚ್ಚಿತು. ಸಾಮಾನು ಹರಾಜಾಯಿತು. ಕುರ್ಚಿ ತರಲು ಹೋದವನು ಕುರ್ಚಿಯ ಜೊತೆಗೆ ಒಂದು ಉದ್ದನೆಯ ಕೊಳವೆಯನ್ನೂ ಮನೆಗೆ ತಂದೆ. ಒಳಗೆ ನಾಲ್ಕು ತುಂಡಿನ ಗಾಳದ ಕೋಲು, ರಾಟೆ, ಹಸಿರು ದಾರ. ಮನೆಯಾಕೆ ಕೋಲನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಮೀನ ತಿನ್ನೂದಿಲ್ಲ, ಹಿಡಿಯೂದ್ಯಾಕ್ರಿ? ಹುಚ್ಚ ಗಿಚ್ಚ ಹಿಡದೈತೇನು?”

ಅದೇ ಪ್ರಶ್ನೆ ನನಗೂ ಇತ್ತು. ಒಂದು ಭಾನುವಾರ ಕೊಳವೆ ಹೆಗಲಿಗೆ ಹಾಕಿಕೊಂಡು ಮಾಸ್ತರರ ಅಂಗಡಿಗೆ ಹೋದೆ. ಅವರು ತೊಟ್ಟಿಯ ಮುಂದೆ ಕೂತು ಗುಳ್ಳೆ ಹುಡುಕುತ್ತಿದ್ದರು. ಕೊಳವೆ ನೋಡಿದ್ದೇ ಕೈ ನಿಂತಿತು. ಅದು ಅವರದೇ ಕೈಯಲ್ಲಿ ಆಡಿದ ಕೋಲು, ಗುರುತು ಹತ್ತಿರಬೇಕು. ಮೀನು ಹಿಡಿಯುವುದನ್ನು ಕಲಿಸುತ್ತೀರಾ ಎಂದು ಕೇಳಿದೆ.

“ನಾ ಮೀನ ಬಿಟ್ಟೇನ್ರಿ ಸಾವ್ಕಾರ್ರ” ಅಂದರು.

ನನಗೆ ಎಷ್ಟು ಖುಷಿಯಾಯಿತೆಂದರೆ! ಆ ರೆಸಾರ್ಟಿನಲ್ಲಿ ಗಿರಾಕಿಗಳು ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ತಿರುಗಿ ಹೊಳೆಗೆ ಬಿಡುವುದನ್ನು ನೋಡಿದ್ದೆ. ಇವರೂ ಹಿಡಿದು ಬಿಟ್ಟವರು, ಕೊಂದವರಲ್ಲ, ಎಂದು ತಿಳಿದೆ. “ನನಗೂ ಅದ ಬೇಕ್ರಿ ಮಾಸ್ತರ! ನಾವು ಕೊಲ್ಲೂ ಮಂದಿ ಅಲ್ಲ. ನನಗೂ ಬಿಡೂದ ಕಲಸ್ರಿ” ಎಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಆಮೇಲೆ ಒದ್ದೆ ಕೈಯನ್ನು ಚಿಂದಿಗೆ ಒರೆಸಿಕೊಂಡು, ಕೊಳವೆಯಿಂದ ಕೋಲಿನ ತುಂಡುಗಳನ್ನು ಒಂದೊಂದಾಗಿ ತೆಗೆದು ಕೂಡಿಸಿದರು. ನಾನು ಆಗ ಅವರ ಕೈ ನೋಡುತ್ತಿದ್ದೆ. ಮುಖ ನೋಡಬೇಕಿತ್ತು.

ಪಾಠ ಶುರುವಾದದ್ದು ಸಂತೆಯ ಬಯಲಿನಲ್ಲಿ. ಸಂತೆ ಇಲ್ಲದ ದಿನ ಅಲ್ಲಿ ದನ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಮೊದಲು ನೆಲದ ಮೇಲೆ ಕಲಿಯಬೇಕು, ಹೊಳೆ ಆಮೇಲೆ, ಎಂದರು. ನೊಣದ ಬದಲು ದಾರದ ತುದಿಗೆ ನಮ್ಮ ಶಾಮಿಯಾನದ ಕೆಂಪು ಬಟ್ಟೆಯ ಚೂರು ಕಟ್ಟಿದರು. ನಾನು ಕೋಲೆತ್ತಿ ಬೀಸಿದೆ. ಚಟ್ ಎಂದು ಸಪ್ಪಳವಾಯಿತು, ಬಟ್ಟೆಯ ಚೂರು ಹರಿದು ಎಲ್ಲೋ ಹೋಯಿತು.

“ಎತ್ತ ಹೊಡ್ಯಾಕ ಬಂದೀರೇನ್ರಿ?”

ಹೌದು, ಚಿಕ್ಕಂದಿನಲ್ಲಿ ತೇರಗಾಂವದ ಹೊಲದಲ್ಲಿ ಬಾರಕೋಲು ಬೀಸಿದ ಕೈ ಅದು. ಚಟ್ ಎನ್ನಿಸುವುದೇ ಅದಕ್ಕೆ ಗೊತ್ತಿದ್ದ ವಿದ್ಯೆ. ದಾರ ಹಿಂದಕ್ಕೆ ಹೋಗಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ನಿಲ್ಲುವ ತಾಳ್ಮೆ ಆ ಕೈಗೆ ಇರಲಿಲ್ಲ. ಮಣಿಕಟ್ಟು ಬಾಗುತ್ತಿತ್ತು. ಅದು ಬಾಗಬಾರದೆಂದು ಮಾಸ್ತರರು ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ, ಕೋಲಿನ ಬುಡವನ್ನು ನನ್ನ ಮುಂಗೈಗೆ ಬಿಗಿದು ಕಟ್ಟಿದರು. ಕೈ ಮುರಿದವರ ಹಾಗೆ ಬಯಲಿನಲ್ಲಿ ನಿಂತು ಬೀಸುತ್ತಿದ್ದೆ. “ಹಿಂದ ಹೋದದ್ದು ಹಿಂದ ಪೂರಾ ಹೋಗ್ಲಿ. ಅವಸರ ಮಾಡಬ್ಯಾಡ್ರಿ. ಅದಕ್ಕೂ ಜೀವ ಐತಿ” ಎಂದು ಅವರು ಹಿಂದಿನಿಂದ ಹೇಳುತ್ತಿದ್ದರು. ಹಿಂದಕ್ಕೆ ತಿರುಗಿ ನೋಡಿದರೆ ಬೈಯುತ್ತಿದ್ದರು. ಹಿಂದೆ ಹೋದದ್ದನ್ನು ಕಣ್ಣಿಂದ ನೋಡಬಾರದು, ಕೈಯಿಂದ ತಿಳಿಯಬೇಕಂತೆ.

ದಾರಿಹೋಕರಿಗೆ ಪುಕ್ಕಟೆ ತಮಾಷೆ. “ಸಾವ್ಕಾರ್ರ, ನೆಲದಾಗ ಎಷ್ಟ ಮೀನ ಸಿಕ್ಕವು?” ಎಂದು ಕಾಯಿಪಲ್ಲೆಯವರು ಕೂಗುತ್ತಿದ್ದರು. ಮಾಸ್ತರರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪಾಠ ಮುಗಿದ ಮೇಲೆ “ತರ್ರಿ ಇಲ್ಲೆ” ಎಂದು ನನ್ನ ಕೈಯಿಂದ ಕೋಲು ಇಸಿದುಕೊಳ್ಳುತ್ತಿದ್ದರು. ಆಗ ನೋಡಬೇಕಿತ್ತು ಅವರನ್ನು. ಬಿಳಿ ಅಂಗಿ, ನೆಟ್ಟಗೆ ನಿಂತ ಮೈ, ಆ ದಾರ ಅವರ ಮಾತು ಕೇಳುತ್ತಿತ್ತು. ಸಂಜೆಯ ಬಿಸಿಲಿನಲ್ಲಿ ಒಣ ಹುಲ್ಲಿನ ಮೇಲೆ ಹಸಿರು ದಾರ ಇಳಿಯುತ್ತಿತ್ತು, ಏಳುತ್ತಿತ್ತು... ಮೇಯುತ್ತಿದ್ದ ದನ ಕೂಡ ತಲೆ ಎತ್ತುತ್ತಿರಲಿಲ್ಲ. ನನಗೆ ಕಲಿಸುವುದು ಒಂದು ನೆಪ, ಆ ಕೊನೆಯ ಅರ್ಧ ತಾಸಿಗಾಗಿಯೇ ಇವರು ಬರುತ್ತಾರೆ ಎಂದು ಆಗಲೇ ನನಗೆ ಅನ್ನಿಸುತ್ತಿತ್ತು.

ನೊಣ ಕಟ್ಟುವುದನ್ನೂ ಕಲಿಸಿದರು. ಹುಂಜದ ಕೊರಳ ಪುಕ್ಕ, ಹೊಲಿಗೆಯ ದಾರ, ಸಣ್ಣ ಕೊಕ್ಕೆ. ಕೊಕ್ಕೆಗೆ ಹಿಮ್ಮುಳ್ಳು ಇರುತ್ತದೆ, ಅದನ್ನು ಇಕ್ಕಳದಿಂದ ಅಮುಕಿ ಸಪಾಟು ಮಾಡುತ್ತಿದ್ದರು, ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದೆಂದು. ಕೋಳಿಯ ಪುಕ್ಕವನ್ನು ಮನೆಯೊಳಗೆ ತರುವ ಹಾಗಿಲ್ಲವಲ್ಲ, ಶಾಮಿಯಾನದ ಗೋದಾಮಿನಲ್ಲಿ ಕಂಬಗಳ ಹಿಂದೆ ಡಬ್ಬಿಯಲ್ಲಿ ಇಟ್ಟಿದ್ದೆ. ಮನೆಯಾಕೆಗೆ ಗೊತ್ತಾಗದೆ ಇರುತ್ತದೆಯೇ?

“ಇಷ್ಟ ದಿನ ಅಂಗಡ್ಯಾಗ ನೊಣಾ ಹೊಡಕೋತ ಕುಂದರತಿದ್ರಿ. ಈಗ ನೊಣಾ ಕಟ್ಟಾಕ ಹತ್ತೀರಿ. ಉದ್ಧಾರ ಆದ್ರಿ ಬಿಡ್ರಿ!”

ಹೀಗೆ ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ನನ್ನ ಕೈಗೆ ಅಷ್ಟಿಷ್ಟು ಬುದ್ಧಿ ಬಂತು. ಬಟ್ಟೆಯ ಚೂರು ಹೇಳಿದ ಕಲ್ಲಿನ ಹತ್ತಿರ ಬೀಳತೊಡಗಿತು. ಆದರೆ ಹೊಳೆಗೆ ಹೋಗೋಣ ಎಂದರೆ ಮಾಸ್ತರರು ಒಂದಲ್ಲ ಒಂದು ನೆಪ ತೆಗೆಯುತ್ತಿದ್ದರು. ಸೂಪಾ ಅಣೆಕಟ್ಟಿನ ಕೆಳಗೆ ನೀರು ಯಾವಾಗ ಏರುತ್ತದೋ ಹೇಳಲಾಗದು. ಊರಿನ ಹತ್ತಿರ ಮೊಸಳೆ. ಜೋಯ್ಡಾದ ಕಡೆ ನೀರು ಇನ್ನೂ ಕೆಂಪಗಿದೆ. ನೀರು ತಿಳಿಯಾದರೆ ಗಾಳಿ ಜಾಸ್ತಿ. ಗಾಳಿ ನಿಂತರೆ ನಿಮ್ಮ ಕೈ ಇನ್ನೂ ಕೂತಿಲ್ಲ. ದಂಡೆಯ ಮೇಲಿನ ಊರಿನಲ್ಲಿದ್ದುಕೊಂಡು ಒಂದು ಹನಿ ನೀರು ಕಾಣದೆ ಮೀನು ಹಿಡಿಯುವುದನ್ನು ಕಲಿತವನು ಈ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಒಂದು ಭಾನುವಾರ ತಡೆಯಲಿಲ್ಲ. “ಏನ್ರಿ ಮಾಸ್ತರ, ಹಿಡದು ಬಿಡೂದ ಕಲಸ್ತೇನಂದ್ರಿ. ಹಿಡಿಯೂದೂ ಇಲ್ಲ, ಬಿಡೂದೂ ಇಲ್ಲ. ಹುಲ್ಲ ಕೊಯ್ಯಾಕ ಕಲಸಾಕ ಹತ್ತೀರೇನು?” ಎಂದು ಕೂಗಾಡಿದೆ.

ಅವರಿಗೆ ಸಿಟ್ಟು ಬರಲಿಲ್ಲ. ದಾರವನ್ನು ರಾಟೆಗೆ ಸುತ್ತುತ್ತ, ನೆಲ ನೋಡುತ್ತ ಹೇಳಿದರು.

“ನಾ ಹಂಗ ಎಲ್ಲೆ ಅಂದ್ನಿ? ಮೀನ ಬಿಟ್ಟೇನಿ ಅಂದಿದ್ನಿ. ಮಗಳು ಹೋದಾಗಿಂದ ಮೀನ ಬಿಟ್ಟೇನಿ. ನೀವು ತಿಳಕೊಂಡದ್ದ ಬ್ಯಾರೆ.”

ನಮ್ಮಲ್ಲಿ ಹತ್ತಿರದವರು ಸತ್ತರೆ ಪ್ರೀತಿಯ ತಿನಿಸನ್ನು ಬಿಡುವವರು ಇದ್ದಾರೆ. ನಮ್ಮ ಅಜ್ಜಿ ಅಜ್ಜ ಹೋದ ಮೇಲೆ ಹೋಳಿಗೆ ಬಿಟ್ಟಿದ್ದಳು. ಬಿಡುವುದು ಎಂದರೆ ಅದೂ ಹೌದಲ್ಲ! ಇಷ್ಟು ತಿಂಗಳು ಒಂದು ಶಬ್ದವನ್ನು ಉಲ್ಟಾ ಹಿಡಿದುಕೊಂಡು ಕುಣಿದಿದ್ದೆ.

ಅಲ್ಲೇ ಹುಲ್ಲಿನ ಮೇಲೆ ಕೂತು ಅವರು ಹೇಳಿದ್ದಿಷ್ಟು. ಅವರಿಗೆ ಒಬ್ಬಳೇ ಮಗಳು. ಪಿಯುಸಿ ಓದುತ್ತಿದ್ದಳು. ನಾತಾಳ, ಅಂದರೆ ಕ್ರಿಸ್ಮಸ್ ಹಬ್ಬದ ಮುಂದೆ ತಾಯಿ, ಮಗಳು ಕಂಬಳಿ ಒಗೆಯಲು ಹೊಳೆಗೆ ಹೋದರು. ನೀರು ಕುಡಿದ ಕಂಬಳಿ ಭಾರವಾಗಿ ಸೆಳವಿಗೆ ಹೊರಟಿತು, ಹುಡುಗಿ ಅದರ ಅಂಚು ಹಿಡಿದುಕೊಂಡಳು, ಕಾಲು ಜಾರಿತು. ದಂಡೆಯಿಂದ ತಾಯಿ “ಬಿಡ, ಕಂಬಳಿ ಬಿಡ” ಎಂದು ಒದರಿದಳಂತೆ. ಹುಡುಗಿ ಬಿಡಲಿಲ್ಲ. ಹೊಸ ಕಂಬಳಿ... ಜನ ಕೆಳಗಿನವರೆಗೂ ಹುಡುಕಿದರು. ಕಂಬಳಿ ಸಿಕ್ಕಿತು. ಹುಡುಗಿ ಸಿಗಲಿಲ್ಲ.

“ಮಣ್ಣ ಮಾಡಾಕ ಒಂದ ಎಲವೂ ಸಿಗಲಿಲ್ರಿ. ಹೊಳ್ಯಾಗಿನ ಮೀನ ಏನ ತಿಂದ ಬೆಳದಿರತಾವ, ನಿಮಗ ಗೊತ್ತಾಗತೈತಿ” ಎಂದರು. ಆವತ್ತಿನಿಂದ ಆ ಹೊಳೆಯ ಮೀನು ತಿನ್ನುವುದಿಲ್ಲ, ಹಿಡಿಯುವುದಿಲ್ಲ, ಆ ನೀರಿಗೆ ಕೈ ಹಚ್ಚುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು. ರೆಸಾರ್ಟಿನ ಕೆಲಸ ಬಿಟ್ಟು ಪಂಕ್ಚರ್ ಅಂಗಡಿ ಇಟ್ಟದ್ದು ಅದಕ್ಕೇ. ರೆಸಾರ್ಟು ಮುಚ್ಚಿದ್ದಕ್ಕೆ ಎಂದು ನಾನು ತಿಳಿದಿದ್ದೆ.

“ಮತ್ತ ನನಗ ಯಾಕ ಕಲಿಸಿದ್ರಿ?”

“ಬೀಸೂದು ಬಿಡಾಕ ಆಗಲಿಲ್ರಿ” ಎಂದರು. ಆ ಮಾತು ಹೇಳುವಾಗ ಅವರ ಮುಖ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಇತ್ತು. ನೆಲದ ಮೇಲೆ ಬೀಸಿದರೆ ಮಾತು ಮುರಿದಂತಾಗುವುದಿಲ್ಲ, ಕೋಲೂ ಕೈಯಲ್ಲಿರುತ್ತದೆ. ಅಷ್ಟು ಸಣ್ಣ ಸಂದಿಯಲ್ಲಿ ಆ ಮನುಷ್ಯ ಉಸಿರಾಡುತ್ತಿದ್ದ. ನಾನು ಹೊಳೆ ಹೊಳೆ ಎಂದು ಅದನ್ನೂ ಮುಚ್ಚಲು ಹೊರಟಿದ್ದೆ. ಮುಂದೆ ಹೊಳೆಯ ಮಾತನ್ನು ನಾನು ಎತ್ತಲೇ ಇಲ್ಲ. ಭಾನುವಾರ ಬಂದರೆ ಸಂತೆಯ ಬಯಲು, ಕೆಂಪು ಬಟ್ಟೆಯ ಚೂರು. ಅದೇ ಸಾಕು ಎಂದುಕೊಂಡಿದ್ದೆ, ನಿಜವಾಗಿಯೂ ಸಾಕಾಗಿತ್ತು.

ಚಳಿ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಅವರೇ ಬಂದು ಅಂಗಡಿಯ ಮುಂದೆ ನಿಂತರು. “ನಡೀರಿ, ಹೊಳಿಗೆ ಹೋಗೂಣು.” ನಾನು ಬೇಡ ಎಂದೆ. “ನಾ ದಂಡಿ ಮ್ಯಾಲ ನಿಂದರ್ತೇನಿ. ನೀರ ಮುಟ್ಟೂದಿಲ್ಲ. ಕಲತವ್ರನ್ನ ನೆಲದಾಗ ನಿಂದರಿಸಿದ್ರ ನನಗ ಛಲೋ ಅನ್ಸೂದಿಲ್ರಿ” ಎಂದರು. ಅಕ್ಕಾರಿಗೆ, ಅಂದರೆ ಅವರ ಹೆಂಡತಿಗೆ, ಹೇಳಿ ಬಂದಿರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಜೋಯ್ಡಾದ ಕಡೆ, ಒಂದು ಹಳ್ಳ ಬಂದು ಕಾಳಿ ಹೊಳೆಯನ್ನು ಕೂಡುವ ಜಾಗ. ಗಾಳ ಹಾಕಲು ಅಲ್ಲಿ ಯಾರ ತಡೆಯೂ ಇಲ್ಲ. ನೀರು ತಿಳಿಯಾಗಿ ಕಲ್ಲುಗಳ ಮೇಲೆ ಓಡುತ್ತಿತ್ತು. ಮಾಸ್ತರರು ದಂಡೆಯ ಬಂಡೆಯ ಮೇಲೆ ನಿಂತು, ಎರಡೂ ಕೈಯನ್ನು ಕಂಕುಳಲ್ಲಿ ಕಟ್ಟಿಕೊಂಡರು. ನಾನು ಪ್ಯಾಂಟು ಮಡಚಿ ನೀರಿಗೆ ಇಳಿದೆ. ನೆಲದ ಮೇಲೆ ಕಲಿತದ್ದೆಲ್ಲ ಒಂದು ಕ್ಷಣ ಮರೆತುಹೋಯಿತು. ನೊಣ ಮೊದಲು ನನ್ನ ಅಂಗಿಗೇ ಸಿಕ್ಕಿತು, ಆಮೇಲೆ ಹಿಂದಿನ ಗಿಡಕ್ಕೆ. ಅವರು ಬೈಯಲೂ ಇಲ್ಲ. ಅವರ ಲಕ್ಷ್ಯ ನನ್ನ ಮೇಲೆ ಇರಲೇ ಇಲ್ಲ, ನೀರಿನ ಮೇಲೆ ಇತ್ತು.

ಬಿಸಿಲು ಏರಿದ ಮೇಲೆ ಒಂದು ಸಲ ದಾರ ಸರಿಯಾಗಿ ಹೋಯಿತು. ಹಿಂದೆ ಪೂರ್ತಿ ಬಿಚ್ಚಿಕೊಂಡದ್ದು ಕೈಗೆ ಗೊತ್ತಾಯಿತು. ನೊಣ ಸೆಳವಿನ ಅಂಚಿಗೆ ಇಳಿಯಿತು, ಸ್ವಲ್ಪ ತೇಲಿತು, ಅಲ್ಲಿ ನೀರು ಒಡೆಯಿತು. ಕೋಲು ಬಿಲ್ಲಿನಂತೆ ಬಾಗಿತು. ಅಯ್ಯಯ್ಯ! ಎಂದು ನಾನು ಕೂಗಿದ್ದು ಆಚೆ ದಂಡೆಗೆ ಕೇಳಿರಬೇಕು. ರಾಟೆ ಕಿರ್ ಎಂದು ತಿರುಗಿತು. ಜಗ್ಗಿದೆ, ಅದು ಓಡಿತು. ಮತ್ತೆ ಜಗ್ಗಿದೆ, ಮತ್ತೆ ಓಡಿತು. ಹೊಸಬ ನಾನು, ಬೇಗ ಮುಗಿಸಲು ಬರಲಿಲ್ಲ. ಮೀನನ್ನು ದಣಿಸಿ ದಣಿಸಿ ಕೊನೆಗೆ ಹತ್ತಿರ ತಂದೆ. ಬಂಗಾರದ ಬಣ್ಣದ ಮಹಶೀರ್, ನನ್ನ ಮುಂಗೈಯಷ್ಟು ಉದ್ದ. ಕೊಕ್ಕೆ ಸುಲಭವಾಗಿ ಕಳಚಿತು. ಬಿಟ್ಟೆ. ಅದು ಹೋಗಲಿಲ್ಲ. ಮಗ್ಗುಲಿಗೆ ಹೊರಳಿ, ಹೊಟ್ಟೆ ಮೇಲೆ ಮಾಡಿ ತೇಲಿತು.

ಜೀವನದಲ್ಲಿ ಒಂದೂ ಜೀವ ಕೊಂದವನಲ್ಲ ನಾನು. ಅದನ್ನು ಹಿಡಿದೆ, ಜಾರಿತು, ಮತ್ತೆ ಹಿಡಿದೆ, ಹೇಗೆ ಹಿಡಿಯಬೇಕೋ ತಿಳಿಯಲಿಲ್ಲ. “ಮಾಸ್ತರ, ಸಾಯಾಕ ಹತ್ತೈತ್ರಿ! ಏನ ಮಾಡ್ಲಿ?” ಎಂದು ಹುಚ್ಚನಂತೆ ಕೂಗುತ್ತಿದ್ದೆ. ಅವರು ಬಂಡೆಯ ಮೇಲಿಂದ “ಮಾರಿ ಸೆಳವಿಗೆ ಮಾಡ್ರಿ, ಸೆಳವಿಗೆ” ಎಂದು ಹೇಳಿದರು. ನಾನು ಮಾಡಿದೆ, ಅದು ಮತ್ತೆ ಹೊರಳಿತು. ಅದರ ಕಿವಿರು ಆಡುವುದು ನಿಂತಂತಾಗಿತ್ತು.

ನೀರು ಚಿಮ್ಮಿದ ಸಪ್ಪಳ ಕೇಳಿತು. ತಿರುಗಿದರೆ ಬಿಳಿ ಅಂಗಿ ಎದೆಯವರೆಗೆ ಒದ್ದೆಯಾಗಿತ್ತು. ಮಾಸ್ತರರು ನನ್ನನ್ನು ಬದಿಗೆ ಸರಿಸಿ ಎರಡೂ ಕೈ ನೀರಿಗೆ ಹಾಕಿದರು. ಒಂದು ಕೈ ಬಾಲದ ಬುಡಕ್ಕೆ, ಒಂದು ಕೈ ಹೊಟ್ಟೆಯ ಕೆಳಗೆ. ಎಳೆಗೂಸಿಗೆ ನೀರು ಹಾಕುವಾಗ ಹಿಡಿಯುತ್ತೇವಲ್ಲ, ಹಾಗೆ. ಸೆಳವಿಗೆ ಮುಖ ಮಾಡಿ ಹಿಡಿದುಕೊಂಡು ನಿಂತರು. ಎಷ್ಟು ಹೊತ್ತೋ... ಕಿವಿರು ಒಮ್ಮೆ ಆಡಿತು. ಮತ್ತೊಮ್ಮೆ ಆಡಿತು. ಬಾಲ ಅವರ ಕೈಯಲ್ಲಿ ಮೆಲ್ಲಗೆ ಹೊರಳಿತು. ಈಗ ಬಿಡ್ರಿ ಎನ್ನಬೇಕು, ನನಗೆ ಆ ಶಬ್ದ ಬಾಯಿಗೆ ಬರಲಿಲ್ಲ. ಅವರೂ ಬಿಡಲಿಲ್ಲ. ಮೀನೇ ಒಂದು ಸಲ ಬಲವಾಗಿ ಕೊಸರಿಕೊಂಡು ಅವರ ಬೆರಳುಗಳ ನಡುವಿನಿಂದ ಹೋಯಿತು.

ಆಮೇಲೂ ಅವರು ಕೈ ಹೊರಗೆ ತೆಗೆಯಲಿಲ್ಲ. ಮೀನು ಇದ್ದ ಜಾಗದಲ್ಲಿ ಕೈ ಹಾಗೇ ಇದ್ದವು, ನೀರು ಅವುಗಳ ಮೇಲೆ ಹರಿಯುತ್ತಿತ್ತು. “ಎಷ್ಟ ಥಂಡಿ ಐತವ್ವಾ...” ಎಂದರು. ನನಗೆ ಹೇಳಿದ ಮಾತಲ್ಲ ಅದು. ನಾನು ದಂಡೆಗೆ ಹೋಗಿ ಬೆನ್ನು ತಿರುಗಿಸಿ ಕೂತುಕೊಂಡೆ. ಅವರು ಅಳುವುದು ಕೇಳುತ್ತಿತ್ತು. ನಾನೂ ಅತ್ತೆ.

ವಾಪಸು ಬರುವಾಗ ಅವರು ಬೈಕಿನ ಹಿಂದೆ ಕೂತರು. ಮನೆಯ ತಿರುವಿನಲ್ಲಿ ಇಳಿದು ಒದ್ದೆ ಅಂಗಿಯಲ್ಲಿ ನಡೆದು ಹೋದರು. ಅಕ್ಕಾರಿಗೆ ಏನು ಹೇಳುತ್ತಾರೋ, ಮನೆಯಲ್ಲಿ ಏನು ರಾಮಾಯಣವಾಗುತ್ತದೋ ಎಂದು ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅಂಗಡಿ ಎಂದಿನಂತೆ ತೆರೆದಿತ್ತು. ಅವರಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ. ಮತ್ತೆ ಹೊಳೆಗೂ ಬರಲಿಲ್ಲ. “ನಿಮಗ ಬರತೈತಿ, ಹೋಗ್ರಿ” ಎಂದರು. ಅವರ ಬಾಯಿಂದ ಹೊಗಳಿಕೆ ಎಂದು ಬಂದದ್ದು ಅದೊಂದೇ.

ಮುಂದಿನ ಮಳೆಗಾಲದಲ್ಲಿ ಒಂದು ಮುಂಜಾನೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅವರ ಮನೆಯ ಮುಂದೆ ಶಾಮಿಯಾನ ಹಾಕಿದವನು ನಾನೇ. ಸಾವಿನ ಮನೆಗೆ ನಾವು ಬಣ್ಣದ ಝಾಲರಿ ಕಟ್ಟುವುದಿಲ್ಲ, ಬರೀ ಬಿಳಿ ಬಟ್ಟೆ. ಕೆಲಸದವರಿಗೆ ಮುಟ್ಟಗೊಡದೆ ಎಲ್ಲ ಗಂಟುಗಳನ್ನೂ ನಾನೇ ಹಾಕಿದೆ. ಮಳೆ ಹೊಡೆಯುತ್ತಿತ್ತು, ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಬಿಗಿದೆ.

ಎಲ್ಲ ಮುಗಿದು ಜನ ಹೋದ ಮೇಲೆ ಬಟ್ಟೆ ಬಿಚ್ಚಲು ಹೋದೆ. ಅಕ್ಕಾರು ಬಾಗಿಲಲ್ಲಿ ಕೂತಿದ್ದರು. ಅದುವರೆಗೆ ನನ್ನೊಡನೆ ಹೆಚ್ಚು ಮಾತಾಡಿದವರಲ್ಲ. ನನ್ನ ಮೇಲೆ ಸಿಟ್ಟಿರಬೇಕು ಎಂದೇ ನಾನು ತಿಳಿದಿದ್ದೆ. ಕರೆದು ಕೂರಿಸಿಕೊಂಡರು.

“ಹೊಳಿಗೆ ಹೋಗಿ ಬಂದ ದಿನ ಇಲ್ಲೆ ಬಾಗಲದಾಗ ನಿಂತರು ತಮ್ಮಾ. ಒಳಗ ಬರಲಿಲ್ಲ. ಕೈ ಹಿಂದ ಮಾಡಿ ನಿಂತಿದ್ರು. ನನಗ ಮೀನಿನ ವಾಸನಿ ಬಂತು. ಮಾತ ಮುರದಾರ, ಇವತ್ತ ಬಿಡೂದಿಲ್ಲ ಇವರನ್ನ ಅಂತ ಎದ್ದೆ... ಬೈಯಾಕ ಆಗಲಿಲ್ಲ. ಆ ಕೈ ತಗೊಂಡು ಮಾರಿಗೆ ಒತ್ತಿ ಹಿಡಕೊಂಡೆ. ಹುಡಿಗಿ ಹೋದ ಮ್ಯಾಲ ಅಕಿದಂತ ಮನಿಗೆ ಬಂದದ್ದು ಆ ವಾಸನಿ ಒಂದ.”

ಬಿಳಿ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅವರು ನನ್ನ ಕಡೆ ನೋಡದೆ ಕೇಳಿದರು, “ನೀ ಇನ್ನೂ ಹೋಗತಿ ಏನು ಹೊಳಿಗೆ?” ಹೋಗುತ್ತೇನೆ ಎಂದೆ. “ಮೀನ ಸಿಕ್ಕ ದಿನ, ಅದನ್ನ ಬಿಟ್ಟ ಮ್ಯಾಲ, ಕೈ ತೊಳೀಬ್ಯಾಡ ತಮ್ಮಾ. ಹಂಗ ಬಾ ಇಲ್ಲೆ.”

ಹೋದೆ. ಮೀನು ಸಿಕ್ಕಾಗಲೆಲ್ಲ ಹೋದೆ. ಬೈಕಿನ ಹಿಡಿಕೆಗೆ ಕೈ ಒರೆಸಿಹೋಗದ ಹಾಗೆ ಬೆರಳ ತುದಿಯಲ್ಲಿ ಹಿಡಿದುಕೊಂಡು ಬರುತ್ತಿದ್ದೆ. ಬಾಗಿಲಲ್ಲಿ ಕೂಡುತ್ತಿದ್ದೆ. ಅವರು ಎರಡೂ ಕೈಯನ್ನು ತೆಗೆದುಕೊಂಡು ಮುಖಕ್ಕೆ ಹಿಡಿದುಕೊಳ್ಳುತ್ತಿದ್ದರು, ಕಣ್ಣು ಮುಚ್ಚಿ. ಅವರ ಉಸಿರು ಅಂಗೈಗೆ ತಾಗುತ್ತಿತ್ತು. ಮೊದಲ ಸಲ ನನಗೆ ಹೇಗೋ ಆಯಿತು, ಸುಳ್ಳು ಹೇಳುವುದಿಲ್ಲ. ಲಿಂಗ ಮುಟ್ಟುವ ಕೈ, ಮೀನಿನ ವಾಸನೆ, ಬೇರೆಯವರ ಹೆಂಗಸು... ಆಮೇಲೆ ಆ ಯೋಚನೆಗಳೆಲ್ಲ ತಾವಾಗಿಯೇ ಹೋದವು. ಮೀನು ಸಿಗದ ದಿನ ಅವರ ಮನೆಯ ತಿರುವು ದಾಟುವುದೇ ಕಷ್ಟವಾಗುತ್ತಿತ್ತು. ಒಂದು ದಿನ ನನ್ನ ಮನೆಯಾಕೆಯೂ ಜೊತೆಗೆ ಬಂದಳು. ಎಲ್ಲ ನೋಡಿದಳು, ಅಕ್ಕಾರ ಪಕ್ಕ ಕೂತು ಅವರ ಬೆನ್ನು ಸವರಿದಳು. ಮುಂದೆ ಯಾವತ್ತೂ ಗಾಳದ ವಿಷಯಕ್ಕೆ ನನ್ನನ್ನು ಆಡಿಕೊಳ್ಳಲಿಲ್ಲ.

ಈ ಸಲದ ಮಳೆ ಹಿಡಿಯುವ ಮೊದಲು ಅಕ್ಕಾರೂ ಹೋದರು. ಜ್ವರ ಬಂದದ್ದು ನೆಪ. ಅವರಿಗೂ ಬಿಳಿ ಬಟ್ಟೆ ನಾನೇ ಕಟ್ಟಿದೆ. ಮಾಸ್ತರರ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯವನು ಇದ್ದಾನೆ. ಗಾಳದ ಮಾಸ್ತರರು ಎಂದರೆ ಹೊಸಬರಿಗೆ ಗೊತ್ತಾಗುವುದಿಲ್ಲ, ಹಳಬರೂ ಸ್ವಲ್ಪ ಯೋಚಿಸುತ್ತಾರೆ.

ನಾನು ಇನ್ನೂ ಹೊಳೆಗೆ ಹೋಗುತ್ತೇನೆ. ಬೀಸುವುದು ಬಿಡಲು ನನಗೂ ಆಗಿಲ್ಲ. ಮೊನ್ನೆ ಭಾನುವಾರ ಒಂದು ಸಿಕ್ಕಿತು, ಒಳ್ಳೆಯ ಮೀನು. ಮುಖ ಸೆಳವಿಗೆ ಮಾಡಿ ಹಿಡಿದೆ, ಕಿವಿರು ಆಡಿತು, ಬಿಟ್ಟೆ, ಹೋಯಿತು. ಅಭ್ಯಾಸ ನೋಡಿ, ಬೈಕು ತಾನಾಗಿ ಅವರ ಮನೆಯ ತಿರುವಿಗೆ ಹೊರಳಿತು. ಬಾಗಿಲಿಗೆ ಬೀಗ ಇತ್ತು. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ, ಕೈ ಮುಂದೆ ಚಾಚಿಕೊಂಡು, ಯಾರಾದರೂ ನೋಡಿದ್ದರೆ ಭಿಕ್ಷೆ ಬೇಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ಆಮೇಲೆ ಮನೆಗೆ ಬಂದು ಬಚ್ಚಲಲ್ಲಿ ಕೂತು ಸೋಪು ಹಚ್ಚಿ ಎರಡೂ ಕೈ ತೊಳೆದುಕೊಂಡೆ. ತೊಳೀಬ್ಯಾಡ ಎನ್ನುವವರು ಯಾರೂ ಉಳಿದಿಲ್ಲ.